ಪುಸ್ತಕದ ಪಟ್ಟಿಗೆ ಇನ್ನೆರಡು ಸಾಲು ಸೇರಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಓದಬೇಕಾದ ಹೊಸ ಪುಸ್ತಕಗಳ ಪಟ್ಟಿ ಬಂದಿತ್ತು. ಒಟ್ಟು ಎಂಟು. ಐದು ಯುದ್ಧದವು, ಎರಡು ರಾಜಮನೆತನಗಳವು, ಒಂದು ಬೇಹುಗಾರರದ್ದು. ಎಂಟರಲ್ಲಿ ಏಳು ಇಂಗ್ಲಿಷಿನವು. ಅದನ್ನು ಪಟ್ಟಿಯಲ್ಲಿ ಎಲ್ಲೂ ಹೇಳಿರಲಿಲ್ಲ. ಹೆಸರು ಕನ್ನಡ ಲಿಪಿಯಲ್ಲಿತ್ತು ನೋಡಿ, ಅದಕ್ಕೇ ನಮ್ಮಲ್ಲಿ ಗೊಂದಲವಾಯಿತು.

ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಬೋರ್ಡಿನಲ್ಲಿ ಈಗ 'ಅರಿವು ಕೇಂದ್ರ' ಎಂದಿದೆ, ಜನರ ಬಾಯಲ್ಲಿ ಲೈಬ್ರರಿಯೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆ ನಮಗೇನೂ ದೂರವಲ್ಲ. ಮಾಜಿ ಸೈನಿಕರಿಗೆ ನಮ್ಮ ಕಡೆ ಬರವಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯ ಮೇಲೆ ಒಬ್ಬ ಹವಾಲ್ದಾರ್ ಅಜ್ಜ ಕೂತಿರುತ್ತಾರೆ. ಸೈನ್ಯದಲ್ಲಿ ರೇಷನ್ ಲಾರಿ ಓಡಿಸಿದವರು. ನಿಮ್ಮ ಪಟ್ಟಿಗೆ ಪೆನ್ನಿನಲ್ಲಿ ಸುತ್ತು ಹಾಕಿಕೊಂಡು ಬರುತ್ತಾರೆ. "ಮೇಡಂ, ಇದು ಉಂಟಾ?" ಇಲ್ಲ ಅಜ್ಜ. "ಇದು?" ಇಲ್ಲ. ನಮಗೆ ಬರುವ ಪುಸ್ತಕಗಳನ್ನು ನಾವು ಆರಿಸುವುದಿಲ್ಲ, ಮೇಲಿನಿಂದ ಕಟ್ಟು ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯದ್ದೇ ಜಾಸ್ತಿ.

ಯುದ್ಧದ ಪುಸ್ತಕವೆಂದು ನಮ್ಮಲ್ಲಿ ಬಿಡುವಿಲ್ಲದೆ ಓಡಾಡುವುದು ರವಿ ಬೆಳಗೆರೆ ಅನುವಾದಿಸಿದ 'ಹಿಮಾಲಯನ್ ಬ್ಲಂಡರ್'. ಬೆನ್ನಿಗೆ ಎರಡು ಸಲ ಟೇಪ್ ಹಚ್ಚಿದ್ದೇನೆ. ಮೂಲ ಬರೆದವರು ಬ್ರಿಗೇಡಿಯರ್ ಜಾನ್ ದಳವಿ. 1962ರ ಅಕ್ಟೋಬರ್ 20ರಂದು ಈಗಿನ ಅರುಣಾಚಲದ ಗಡಿಯ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ಚೀನೀಯರು ಮೇಲೆ ಬಿದ್ದಾಗ ಅಲ್ಲಿದ್ದ ಬ್ರಿಗೇಡ್ ಇವರದೇ. ಎರಡು ದಿನಕ್ಕೆ ಸೆರೆಯಾದರು, ಏಳು ತಿಂಗಳು ಚೀನಾದಲ್ಲಿ ಕಳೆದರು. ದೆಹಲಿಯವರ ಜಗಳದ ಅಧ್ಯಾಯಗಳನ್ನು ಅಜ್ಜ ಸರಸರ ದಾಟಿಸುತ್ತಾರೆ. ಅವರು ನಿಲ್ಲುವುದು ಸಾಮಾನು ಸಾಗಿಸುವ ಪುಟಗಳಲ್ಲಿ. ವಿಮಾನದಿಂದ ಇಳಿಸಿದ ಮೂಟೆಗಳು ಕಣಿವೆಗೆ ಉರುಳಿ ಹೋದದ್ದು, ಆ ಚಳಿಯಲ್ಲಿ ಜವಾನರ ಮೈಮೇಲೆ ಹತ್ತಿಯ ಸಮವಸ್ತ್ರ ಇದ್ದದ್ದು. "ಇದನ್ನು ಮೊದಲು ಬರೀಬೇಕು, ಗುಂಡು ಹಾರಿಸಿದ್ದು ಆಮೇಲೆ" ಎನ್ನುತ್ತಾರೆ. ರೇಷನ್ ಲಾರಿಯವರಲ್ವಾ!

ಹೊಸದು ಎಂಬ ಮಾತಿಗೆ ಬರುತ್ತೇನೆ. ನಮ್ಮೂರಿಗೆ ಇನ್ನೂ ಬಾರದ ಪುಸ್ತಕ ನಮಗೆ ಹೊಸದೇ. ಕಳೆದ ಮಳೆಗಾಲದಲ್ಲಿ ಮಗಳು ಬೆಂಗಳೂರಿನಿಂದ ರಘು ಕಾರ್ನಾಡರ 'ಫಾರ್ದೆಸ್ಟ್ ಫೀಲ್ಡ್' ತಂದುಕೊಟ್ಟಳು. 2015ರದ್ದು, ಇಂಗ್ಲಿಷ್. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ನಮ್ಮ ಸೈನ್ಯದಲ್ಲಿ ಸುಮಾರು 25 ಲಕ್ಷ ಜನ ಇದ್ದರಂತೆ. ಅದರಲ್ಲಿ ಒಂದೇ ಕುಟುಂಬದ ಮೂವರನ್ನು ಹಿಡಿದುಕೊಂಡು ಇಡೀ ಯುದ್ಧ ಹೇಳುತ್ತಾರೆ. ಒಬ್ಬರು ಲೇಖಕರ ಅಜ್ಜ, ಕೊಡಗಿನ ಡಾಕ್ಟರ್ ಕೋದಂಡೇರ ಗಣಪತಿ. ಇನ್ನೊಬ್ಬರು ಅಜ್ಜಿಯ ತಮ್ಮ, ಕಲ್ಲಿಕೋಟೆಯ ಪಾರ್ಸಿ ಹುಡುಗ. ಮೂರನೆಯವರು ಅಜ್ಜಿಯ ಸೋದರಿಯ ಗಂಡ, ಪೈಲಟ್. ಮೂವರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ರಾತ್ರಿ ನಿಘಂಟು ಇಟ್ಟುಕೊಂಡು ಹತ್ತು ಪುಟ ಓದುತ್ತಿದ್ದೆ. ಮರುದಿನ ಮಧ್ಯಾಹ್ನ ಹವಾಲ್ದಾರ್ ಅಜ್ಜನಿಗೂ ಅವರ ಇಬ್ಬರು ಸ್ನೇಹಿತರಿಗೂ ಕನ್ನಡದಲ್ಲಿ ಹೇಳುತ್ತಿದ್ದೆ. ಡಾಕ್ಟರ್ ಗಣಪತಿ ತೀರಿಕೊಂಡದ್ದು ಶತ್ರುವಿನ ಗುಂಡಿಗಲ್ಲ, ವಾಯವ್ಯ ಗಡಿಯಲ್ಲಿ ಕಾಯಿಲೆಯಿಂದ. ಅದನ್ನು ಹೇಳಿದ ದಿನ ಮೂವರೂ ಸುಮ್ಮನೆ ಕೂತುಬಿಟ್ಟರು. ಆಮೇಲೆ ಅಜ್ಜ ತಮ್ಮ ಜೊತೆಯಲ್ಲಿದ್ದು ಜ್ವರದಲ್ಲಿ ಹೋದ ಒಬ್ಬ ಹುಡುಗನ ವಿಷಯ ತೆಗೆದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಹೆಸರು ನಾನು ಕೇಳಿರಲಿಲ್ಲ.

ಯುದ್ಧದ ಪುಸ್ತಕ ಬರೀ ಗಂಡಸರ ಚಪಲ ಎನ್ನುವವರಿದ್ದಾರೆ. ನನ್ನ ಅಕ್ಕನೇ ಹಾಗೆನ್ನುತ್ತಾಳೆ. ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ನಮ್ಮ ಜಿಲ್ಲೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದರು. ಅವರದು ಹೆಚ್ಚುವರಿ ವಿಮಾನ, ಯಾರದಾದರೂ ಕೈಕೊಟ್ಟರೆ ಇರಲಿ ಎಂದು ಇಟ್ಟುಕೊಂಡದ್ದು. ಹಿಂತಿರುಗಿ ಬರಲಿಲ್ಲ. ಕಾಣೆಯಾದರು ಎಂದಷ್ಟೇ ದಾಖಲೆಯಾಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಆ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದ. ಪಾಕಿಸ್ತಾನದ ಕಡೆಯ ಮಾಹಿತಿ ಅವನಿಗೆ ಸಿಕ್ಕಿತ್ತು. ಆ ದಿನ ಅವರ ಒಂದು ಸ್ಟಾರ್‌ಫೈಟರ್ ವಿಮಾನ ಭಾರತದ ಮಿಸ್ಟೇರ್ ಜೊತೆ ಕಾದಾಡಿ ಬಿದ್ದಿತ್ತು, ಪೈಲಟ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದ್ದ. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದ್ದು, ಮಿಸ್ಟೇರ್ ಅದರ ಮುಂದೆ ಎತ್ತಿನ ಗಾಡಿ. ನಮ್ಮವರು ಲೆಕ್ಕ ಹಾಕಿ ನೋಡಿದಾಗ ಆ ಮಿಸ್ಟೇರ್ ದೇವಯ್ಯನವರದ್ದೇ ಎಂದಾಯಿತು. 1988ರಲ್ಲಿ, ಅಂದರೆ 23 ವರ್ಷದ ಮೇಲೆ, ಮಹಾವೀರ ಚಕ್ರ ಬಂತು. ಪತ್ನಿ ಸ್ವೀಕರಿಸಿದರು. ಆಚೆ ಕಡೆಯವರ ಕಥೆ ಹೇಳಲು ಹೊರಟ ಒಂದು ಪುಸ್ತಕದಿಂದ ಈಚೆ ಕಡೆಯವರಿಗೆ ಪದಕ! ಅಕ್ಕ ಅವತ್ತಿನಿಂದ ಬಾಯಿ ಮುಚ್ಚಿದ್ದಾಳೆ ಎನ್ನಲಾರೆ, ಸ್ವಲ್ಪ ಕಡಿಮೆಯಾಗಿದೆ.

ಎಲ್ಲ ಪುಸ್ತಕವೂ ಹೀಗೆ ನಿಜವನ್ನೇ ಹೇಳುತ್ತದೆ ಎಂದಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ 'ಮಹಾಪಲಾಯನ' ನನ್ನ ಪ್ರಾಣ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದವರ ಕಥೆ. ತನ್ನದೇ ಕಥೆ ಎಂದು ಇದನ್ನು ಹೇಳಿದ ಮೂಲ ಲೇಖಕ ರಾವಿಜ್ ತಪ್ಪಿಸಿಕೊಂಡವನಲ್ಲ, 1942ರಲ್ಲಿ ಕ್ಷಮಾದಾನದಲ್ಲಿ ಬಿಡುಗಡೆಯಾಗಿದ್ದ ಎನ್ನುವ ಸೋವಿಯತ್ ಕಾಗದಗಳನ್ನು 2006ರಲ್ಲಿ ಬಿಬಿಸಿಯವರು ಹುಡುಕಿ ತೆಗೆದರು. ಓದಿ ಎರಡು ದಿನ ಬೇಜಾರಾಗಿತ್ತು. ಪುಸ್ತಕವನ್ನು ಈಗಲೂ ಕೊಡುತ್ತೇನೆ. ಒಳರಕ್ಷಾಪುಟದಲ್ಲಿ ಈ ವಿಷಯ ಬರೆದ ಚೀಟಿ ಅಂಟಿಸಿದ್ದೇನೆ, ಅಷ್ಟೇ. ಓದಿದ ಹುಡುಗರು ಬಂದು ನನ್ನ ಜೊತೆ ಜಗಳ ಆಡುತ್ತಾರೆ. ಆಡಲಿ.

ನಾನು ಕೇಳುವುದು ಎರಡೇ ಸಾಲು. ನೀವು ಒಂದು ಪುಸ್ತಕ ಹೇಳಿದಾಗ ಅದು ಕನ್ನಡದಲ್ಲಿ ಸಿಗುತ್ತದಾ, ಬೆಲೆ ಎಷ್ಟು, ಬರೆಯಿರಿ. ಬರೆದವರು ಅಲ್ಲಿದ್ದವರೋ, ಕಾಗದಪತ್ರ ಹುಡುಕಿದವರೋ, ಸುಮ್ನೆ ಅಲ್ಲಿ ಇಲ್ಲಿ ಓದಿ ಬರೆದವರೋ, ಅದನ್ನೂ ಬರೆಯಿರಿ. ನಕ್ಷೆ ಇದ್ದರೆ ಖಂಡಿತ ತಿಳಿಸಿ. ನಕ್ಷೆಯಿಲ್ಲದ ಯುದ್ಧದ ಪುಸ್ತಕ ಅಜ್ಜನಿಗೆ ಆಗಿಬರುವುದಿಲ್ಲ, ನನ್ನಿಂದ ಬಿಳಿ ಹಾಳೆಯಲ್ಲಿ ಬರೆಸಿಕೊಳ್ಳುತ್ತಾರೆ.

ಪುಟ ಉಳಿದರೆ ಮೈಸೂರು ಲ್ಯಾನ್ಸರ್ಸ್ ಎಂಬ ಮೈಸೂರು ಸಂಸ್ಥಾನದ ಕುದುರೆ ಪಡೆಯ ಬಗ್ಗೆ ಯಾರಿಂದಲಾದರೂ ಕಂತಿನಲ್ಲಿ ಬರೆಸಿ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಮಷಿನ್ ಗನ್‌ಗಳ ಎದುರು ಕುದುರೆ ಮೇಲೆ ಈಟಿ ಹಿಡಿದು ನುಗ್ಗಿದವರಲ್ಲಿ ನಮ್ಮ ಮೈಸೂರಿನವರೂ ಇದ್ದರು. ಜೋಧಪುರದವರ ಹೆಸರು ಎಲ್ಲರಿಗೂ ಗೊತ್ತು. ನಮ್ಮವರ ಮನೆಗಳಲ್ಲಿ ಯಾರಾದರೂ ಒಂದು ಕಾಗದ, ಒಂದು ಫೋಟೊ ಇಟ್ಟುಕೊಂಡಿರಬಹುದು. ನಿಮ್ಮ ಪತ್ರಿಕೆ ಕೇಳಿದರೆ ತೆಗೆದಾರು.

ಇನ್ನೊಂದು ಸಣ್ಣ ವಿಷಯ. ಆ ಪಟ್ಟಿಯ ಹಿಂಬದಿಯಲ್ಲಿ ಪದಬಂಧ ಹಾಕಬೇಡಿ. ಅಜ್ಜ ಪಟ್ಟಿ ಕತ್ತರಿಸಿಕೊಂಡು ಹೋದರೆ ಪದಬಂಧದವರು ಬಂದು ನನಗೆ ಬೈಯುತ್ತಾರೆ.

ಇಂತಿ,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ
ಸೋಮವಾರಪೇಟೆ ತಾಲ್ಲೂಕು, ಕೊಡಗು