ನೆನಪಿನ ಶಕ್ತಿಯ ಊಟ ಪರೀಕ್ಷೆ ಹೊತ್ತಿಗಲ್ಲ, ತೊಟ್ಟಿಲ ಹೊತ್ತಿಗೆ

ಸಂಪಾದಕರಿಗೆ ನಮಸ್ಕಾರ.

ಪರೀಕ್ಷೆ ಹತ್ತಿರ ಬಂತೆಂದರೆ ಸಾಕು, ‘ನೆನಪಿನ ಶಕ್ತಿ ಹೆಚ್ಚಿಸುವ ಆಹಾರಗಳು’ ಅಂತ ಪತ್ರಿಕೆಗಳಲ್ಲಿ ಅರ್ಧ ಪುಟ ಬರುತ್ತದೆ. ನಾನೂ ಪ್ರತಿ ಸಲ ಓದುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಹದಿನೈದು ವರ್ಷದ ಹುಡುಗನಿಗೆ ಈಗ ಗಡಿಬಿಡಿಯಲ್ಲಿ ತಿನ್ನಿಸುವುದಕ್ಕಿಂತ, ಅವನು ತೊಟ್ಟಿಲಲ್ಲಿದ್ದಾಗ, ಅದಕ್ಕೂ ಮೊದಲು ಅಮ್ಮನ ಹೊಟ್ಟೆಯಲ್ಲಿದ್ದಾಗ ಏನು ಸಿಕ್ಕಿತ್ತು ಅನ್ನುವುದೇ ಮಿದುಳಿನ ಮಟ್ಟಿಗೆ ದೊಡ್ಡ ವಿಷಯ.

ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರದರ ಕಾಲು ಭಾಗದಷ್ಟಿರುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಬೆಳೆದಾಗಿರುತ್ತದೆ, ಕೈಕಾಲು ನೋಡಿದರೆ ಇನ್ನೂ ಅಷ್ಟಷ್ಟೇ ಉದ್ದ! ಗರ್ಭದ 270 ದಿನ, ಆಮೇಲಿನ 730 ದಿನ, ಒಟ್ಟು ಸಾವಿರ. ವೈದ್ಯರು ‘ಮೊದಲ ಸಾವಿರ ದಿನ’ ಅನ್ನುವುದು ಇದನ್ನೇ.

ಇದರಲ್ಲೂ ಕೆಲವು ಕೆಲಸ ಕಾಯುವುದೇ ಇಲ್ಲ. ಮುಂದೆ ಮಿದುಳು, ಬೆನ್ನುಹುರಿ ಆಗಬೇಕಾದ ಕೊಳವೆ ಗರ್ಭ ನಿಂತ ನಾಲ್ಕು ವಾರದಲ್ಲೇ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ, ಆ ಕೊಳವೆ ಸರಿಯಾಗಿ ಮುಚ್ಚಲು ಬೇಕಾದ ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಮಾತ್ರೆಯನ್ನು ದಿನಕ್ಕೆ 400 ಮೈಕ್ರೋಗ್ರಾಂನಂತೆ ಮಗು ಬೇಕು ಅಂದುಕೊಂಡಾಗಲೇ ಶುರು ಮಾಡಿ ಅನ್ನುತ್ತಾರೆ. ಅಯೋಡಿನ್ ಕಥೆಯೂ ಹಾಗೇ. ಗರ್ಭದ ಮೊದಲ ಮೂರು ತಿಂಗಳು ಮಗುವಿನ ಮಿದುಳು ಬೆಳೆಯಲು ಅಮ್ಮನ ಥೈರಾಯ್ಡ್ ಹಾರ್ಮೋನೇ ಗತಿ, ಆ ಹಾರ್ಮೋನ್ ತಯಾರಾಗಲು ಅಮ್ಮನ ಊಟದಲ್ಲಿ ಅಯೋಡಿನ್ ಇರಬೇಕು.

ಕಬ್ಬಿಣದ ಅಂಶದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಎಡವಿದವನು ನಾನೇ. ನನ್ನ ಮಗಳು ವರ್ಷ ದಾಟಿದಾಗ ದುಂಡದುಂಡಗೆ ಇದ್ದಳು. ಹಾಲು ಅಂದರೆ ಪ್ರಾಣ. ಬಾಟಲಿ ಮೇಲೆ ಬಾಟಲಿ ಖಾಲಿ, ಊಟದ ಬಟ್ಟಲು ಕಂಡರೆ ಮುಖ ಆ ಕಡೆ. ಹಾಲು ಕುಡಿಯುತ್ತಾಳಲ್ಲ, ಬಿಡು ಅಂತ ನಾವೂ ಸುಮ್ನಿದ್ದೆವು. ಒಮ್ಮೆ ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ನೋಡಿದರೆ ಹಿಮೋಗ್ಲೋಬಿನ್ ತೀರಾ ಕೆಳಗೆ. ಹಸುವಿನ ಹಾಲಿನಲ್ಲಿ ಕಬ್ಬಿಣ ತುಂಬಾ ಕಡಿಮೆ, ಜೊತೆಗೆ ಅದು ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗವನ್ನೂ ಬಿಡುವುದಿಲ್ಲ ಅಂತ ನನಗೆ ತಿಳಿದದ್ದು ಆಗ. ಮಗು ಹುಟ್ಟುವಾಗ ಅಮ್ಮನಿಂದ ಕಟ್ಟಿಕೊಂಡು ಬಂದ ಕಬ್ಬಿಣದ ಬುತ್ತಿ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಅಲ್ಲಿಂದಾಚೆ ಎದೆಹಾಲಿನ ಜೊತೆಗೆ ಮೊಟ್ಟೆಯೋ ಮಾಂಸವೋ ಬೇಳೆಕಾಳೋ ಸೊಪ್ಪೋ, ಏನಾದರೂ ಗಟ್ಟಿಯಾದದ್ದು ಹೋಗಲೇಬೇಕು.

ಕಬ್ಬಿಣ ಬರೀ ರಕ್ತಕ್ಕೆ ಅಂದುಕೊಂಡಿದ್ದೆ. ಅಲ್ಲ. ವೈರಿನ ಮೇಲೆ ಪ್ಲಾಸ್ಟಿಕ್ ಇರುತ್ತದಲ್ಲ, ಹಾಗೆ ನರದ ಎಳೆಗಳ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಬೆಳೆಯುತ್ತದೆ, ಅದಕ್ಕೂ ಕಬ್ಬಿಣ ಬೇಕು. ಇನ್ನೂ ಕಸಿವಿಸಿಯಾಗುವ ಮಾತೆಂದರೆ, ಕೊರತೆ ಬಿದ್ದಾಗ ದೇಹ ಇರುವಷ್ಟನ್ನು ಮೊದಲು ರಕ್ತಕ್ಕೆ ಕೊಡುತ್ತದೆ, ಮಿದುಳಿನ ಸರದಿ ಆಮೇಲೆ. ಅಂದರೆ ರಕ್ತದಲ್ಲಿ ಕೊರತೆ ಕಾಣುವ ಮೊದಲೇ ಮಿದುಳಿಗೆ ಕಡಿಮೆ ಬಿದ್ದಿರಬಹುದು. ದುಂಡಗಿದೆ ಅಂತ ನಂಬಿ ಕೂತರೆ ಕೆಟ್ಟೆವು.

ಈ ಮೊದಲ ವರ್ಷಗಳ ಊಟ ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದಲ್ಲಿ 1969ರಿಂದ 1977ರವರೆಗೆ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಯ ಮಕ್ಕಳಿಗೆ ಪ್ರೋಟೀನ್ ಇರುವ ಗಂಜಿ, ಇನ್ನೆರಡು ಹಳ್ಳಿಯವರಿಗೆ ಪ್ರೋಟೀನ್ ಇಲ್ಲದ ಸಿಹಿ ಪಾನಕ. ಎರಡು ವರ್ಷದೊಳಗೆ ಗಂಜಿ ಸಿಕ್ಕ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ದುಡಿಯುತ್ತಿದ್ದದ್ದು ಸರಾಸರಿ ಶೇ 46ರಷ್ಟು ಜಾಸ್ತಿ. ಮೂರು ವರ್ಷ ದಾಟಿದ ಮೇಲೆ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ಹೆಂಗಸರ ದುಡಿಮೆಯಲ್ಲಿ ಅಂಥ ವ್ಯತ್ಯಾಸ ಬರಲಿಲ್ಲ, ಆದರೆ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲಿ ಅವರೂ ಮುಂದಿದ್ದರು. (ಕೂಲಿ ಕೊಡುವವರ ಲೆಕ್ಕ ಬೇರೆ, ಬಿಡಿ.)

ಹಾಗಂತ ನಾಲ್ಕು ವರ್ಷದ ಮಗುವಿನ ಅಪ್ಪ ಅಮ್ಮ ಇದನ್ನು ಓದಿ ತಲೆ ಮೇಲೆ ಕೈ ಹೊತ್ತು ಕೂರಬೇಕಿಲ್ಲ. ಊಟ ಒಂದೇ ಎಲ್ಲ ಮಾಡುವುದೂ ಇಲ್ಲ. ಜಮೈಕಾದಲ್ಲಿ 1980ರ ದಶಕದಲ್ಲಿ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳಲ್ಲಿ ಕೆಲವರಿಗೆ ಹೆಚ್ಚಿನ ಆಹಾರ ಕೊಟ್ಟರು, ಕೆಲವರ ಮನೆಗೆ ವಾರಕ್ಕೊಮ್ಮೆ ಹೋಗಿ ಅಮ್ಮಂದಿರಿಗೆ ಮಗುವಿನ ಜೊತೆ ಆಡುವುದನ್ನು ಹೇಳಿಕೊಟ್ಟರು, ಕೆಲವರಿಗೆ ಎರಡೂ. ಎರಡೂ ಸಿಕ್ಕ ಮಕ್ಕಳು ಬೇಗ ಚೇತರಿಸಿಕೊಂಡರು. ಇಪ್ಪತ್ತು ವರ್ಷದ ಮೇಲೆ ನೋಡಿದಾಗ ಉಳಿದಿದ್ದದ್ದು ಆಟದ ಫಲ! ತುತ್ತು ಕೊಡುವಾಗ ಮೊಬೈಲ್ ಹಿಡಿಸುವ ಬದಲು ಮಾತಾಡಿ ಅನ್ನುವುದು ಇದಕ್ಕೇ ಇರಬೇಕು, ಅಲ್ವಾ?

ನನ್ನ ಬೇಡಿಕೆ ಇಷ್ಟೇ. ಆ ಅರ್ಧ ಪುಟವನ್ನು ವರ್ಷಕ್ಕೆ ಒಂದೆರಡು ಸಲವಾದರೂ ಬಸುರಿಯರಿಗೆ, ಆರು ತಿಂಗಳ ಮಕ್ಕಳ ಮನೆಯವರಿಗೆ ಕೊಡಿ. ವರ್ಷದೊಳಗೆ ಹಸುವಿನ ಹಾಲೇ ಊಟ ಆಗಬಾರದು, ವರ್ಷ ದಾಟಿದ ಮೇಲೂ ದಿನಕ್ಕೆ ಅರ್ಧ ಲೀಟರ್ ಆಸುಪಾಸು ಸಾಕು ಅಂತ ಒಂದು ಸಾಲು ನನ್ನ ಕಣ್ಣಿಗೆ ಆಗ ಬಿದ್ದಿದ್ದರೆ ಬಾಟಲಿಯನ್ನು ಎಂದೋ ಎತ್ತಿಡುತ್ತಿದ್ದೆ.

ನಿಮ್ಮ ಓದುಗ