ಮುರುಡೇಶ್ವರ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೊರಟವರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಟೆಂಪೊ ಶನಿವಾರ ರಾತ್ರಿ 9ಕ್ಕೆ ಧಾರವಾಡದ ಜುಬಿಲಿ ಸರ್ಕಲ್‌ಗೆ, 10ಕ್ಕೆ ಹುಬ್ಬಳ್ಳಿ ಹೊಸೂರಿಗೆ ಬರುತ್ತದೆ. ತಡ ಮಾಡಬೇಡ್ರಿ.

ನೀರಿಗಿಳಿಯುವ ಮುಂಚೆ ಒಂದು ವಿಷಯ. ಅಲ್ಲಿ ಕೆಳಗೆ ಕಾಣುವುದು ಬಣ್ಣದ ಕಲ್ಲಲ್ಲ, ಜೀವ ಇರುವ ಹವಳ. ಪುಟಾಣಿ ಪ್ರಾಣಿಗಳು ಸುಣ್ಣ ಕಟ್ಟಿಕೊಳ್ಳುತ್ತಾ ಬೆಳೆಸಿದ್ದು. ಗುಂಡಗಿರುವ ಜಾತಿ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಅದೇ ಜಾಸ್ತಿ. ನಿಮ್ಮ ಕಾಲು ಒಮ್ಮೆ ಬಡಿದರೆ ಎಷ್ಟು ವರ್ಷ ಹೋಯ್ತು, ನೀವೇ ಲೆಕ್ಕ ಹಾಕಿ. ಮುಟ್ಟಬೇಡಿ, ಮೇಲೆ ನಿಲ್ಲಬೇಡಿ. ಹವಳಕ್ಕೆ ತೊಂದರೆ ಆಗದಂತೆ ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಟೀಶರ್ಟ್ ಹಾಕಿಕೊಳ್ಳಿ. ಶೋಕೇಸಿಗೆ ಅಂತ ತುಂಡು ತರುವುದಂತೂ ಬೇಡವೇ ಬೇಡ. ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ.

ತಮಿಳುನಾಡಿನ ತೂತ್ತುಕುಡಿ ಕಡೆ ಹಿಂದೆ ಸುಣ್ಣಕ್ಕೆ, ಮನೆ ಕಟ್ಟಲಿಕ್ಕೆ ಹವಳವನ್ನೇ ಒಡೆದು ತರುತ್ತಿದ್ದರು. ಈಗ ಅಲ್ಲಿನ ಮನ್ನಾರ್ ಕೊಲ್ಲಿಯಲ್ಲಿ ಸಿಮೆಂಟ್ ಚೌಕಟ್ಟಿಗೆ ಬೆರಳುದ್ದದ ತುಂಡು ಕಟ್ಟಿ ಬೆಳೆಸುತ್ತಾರೆ. ಆದರೆ ಕಡಲು ಬಿಸಿಯಾದರೆ ಹವಳದೊಳಗಿನ ಪಾಚಿ ಹೊರಬೀಳುತ್ತದೆ. ಅದಕ್ಕೆ ಊಟ ಕೊಡುವುದೇ ಆ ಪಾಚಿ. ಕಷ್ಟಪಟ್ಟು ನೆಟ್ಟದ್ದೂ ಬೆಳ್ಳಗಾಗುತ್ತದೆ. ಹಾಗಾಗಿ ಇರುವುದನ್ನು ಕಾಯುವುದೇ ಮೇಲು ಅಂತ ನನ್ನ ಲೆಕ್ಕ. ದಿನಾ ಆ ನೀರಿನಲ್ಲಿರುವವರು ಅಲ್ಲಿನ ಮೀನುಗಾರರು, ಅವರನ್ನು ಬಿಟ್ಟು ಕಾಯಲು ಆಗುತ್ತದಾ? ನೇತ್ರಾಣಿಯಲ್ಲೂ ಹವಳಕ್ಕೆ ತಾಗದಂತೆ ಲಂಗರು ಎಲ್ಲಿ ಹಾಕಬೇಕು ಅಂತ ನಮ್ಮ ಬೋಟಿನವರಿಗೆ ಗೊತ್ತಿರುತ್ತದೆ. ‘ಇನ್ನೂ ಹತ್ತಿರ ಹೋಗ್ರಿ’ ಅಂತ ಸುಮ್ನೆ ಒತ್ತಾಯ ಮಾಡಬೇಡಿ.

ಬೋಟಿನಲ್ಲಿ ವಾಂತಿ ಬರುವವರು ಬೆಳಿಗ್ಗೆ ಮಿರ್ಚಿ ಭಜಿ ಬಿಟ್ಟು ಇಡ್ಲಿ ತಿನ್ನಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.