ಮೂರನೇ ಸಲ ರಾಣಿ ಡಿ6ಕ್ಕೆ

ಕೊಪ್ಪಳ

ಚಿ. ಮಗಳಿಗೆ ಅವ್ವನ ಆಶೀರ್ವಾದಗಳು.

ಬಳ್ಳಾರಿಯಿಂದ ನೀ ಕಳಿಸಿದ ಚೆಸ್ ಆಟದ ಸ್ಕೋರ್‌ಶೀಟ್, ಅಂದರೆ ನಡೆ ಬರೆದ ಹಾಳೆ, ನೋಡಿದೆ. ಹದಿನಾಲ್ಕೇ ನಡೆಗೆ ಡ್ರಾ ಆಯಿತೆಂದು ಮುಖ ಸಣ್ಣ ಮಾಡಬೇಡ. ಕರಿಕಾಯಿಗೆ ಅರ್ಧ ಪಾಯಿಂಟ್ ಬಂದಿದೆ.

ನೀ ಆಡಿದ್ದು ಬರ್ಲಿನ್ ಡಿಫೆನ್ಸ್, ಕರಿಕಾಯಿ ಹಿಡಿದವರು ಆಟ ಶುರು ಮಾಡುವ ಒಂದು ಕ್ರಮ. ಬಿಳಿ ಒಂಟೆ ಬಿ5ರ ಮನೆಗೆ (ಅಕ್ಷರ ಉದ್ದ ಸಾಲಿಗೆ, ಅಂಕೆ ಅಡ್ಡ ಸಾಲಿಗೆ) ಬಂದೊಡನೆ ನಿನ್ನ ಕುದುರೆ ಎಫ್6ಕ್ಕೆ, ಅಲ್ಲಿಂದ ಇ4ರ ಪ್ಯಾದೆ ಹೊಡೆದು ಡಿ6ಕ್ಕೆ. 6ನೇ ನಡೆಯಲ್ಲಿ ಬಿಳಿ ಇ5 ಹೊಡೆಯಿತು, ನೀ ಬಿ5ರ ಒಂಟೆ ತಿಂದೆ. ಆಮೇಲೆ ಎ4ರ ಪ್ಯಾದೆ ಕುದುರೆಯನ್ನು ಕೆಣಕಿದಾಗ ಡಿ4ಕ್ಕೆ ಹಾರಿ ಅದನ್ನು ವಾಪಸ್ ಕೊಟ್ಟದ್ದು ಸರಿ. 10ನೇ ನಡೆ ಮುಗಿದಾಗ ಇಬ್ಬರಿಗೂ ಆರಾರು ಪ್ಯಾದೆ. ನಿನಗೆ ಎರಡು ಒಂಟೆ, ಅವರಿಗೆ ಒಂದು ಒಂಟೆ, ಒಂದು ಕುದುರೆ. ಬಿಳಿ ರಾಣಿ ಇ4ರಿಂದ ಚೆಕ್ ಕೊಟ್ಟಾಗ ನಿನ್ನದು ಇ6ಕ್ಕೆ ಅಡ್ಡ ಬಂತು. ಬಿಳಿ ರಾಣಿ ಡಿ4ಕ್ಕೆ ಮರಳಿದರೆ ಜಿ7ರ ಮೇಲೆ ಕಣ್ಣು. ಎಫ್8ರ ಒಂಟೆ ಕದಲಿದರೆ ಆ ಪ್ಯಾದೆ ಹೋಯಿತು. ಹಾಗಾಗಿ ನಿನ್ನ ರಾಣಿ ಮತ್ತೆ ಡಿ6ಕ್ಕೆ. ಬಿಳಿಗೆ ರಾಣಿ ಬದಲಿಸುವ ಮನಸ್ಸಿಲ್ಲದಿದ್ದರೆ ಇದೇ ಸುತ್ತು.

ತಪ್ಪಿದ್ದು ಕೊನೆಗೆ. 10, 12, 14ನೇ ನಡೆಗಳ ನಂತರ ಅದೇ ಸ್ಥಿತಿ, ಅಂದರೆ ಮೂರು ಸಲ. ಹಾಗಾದರೆ ಡ್ರಾ ಹಕ್ಕಿನಿಂದ ಕೇಳಬಹುದು. ನೀ ರಾಣಿಯನ್ನು ಡಿ6ಕ್ಕೆ ಇಟ್ಟು, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತಿದೆ. ಅಷ್ಟರಲ್ಲಿ ಸರದಿ ಎದುರಾಳಿಯದು, ಕೇಳುವ ಹಕ್ಕೂ ಅವರದೇ. ಅವರು ಒಪ್ಪಿದರು, ಬಚಾವಾದೆ. 14ನೇ ನಡೆಯನ್ನು ಮೊದಲು ಹಾಳೆಯಲ್ಲಿ ಬರೆ, ಕಾಯಿ ಮುಟ್ಟಬೇಡ, ಗಡಿಯಾರ ನಿಲ್ಲಿಸಿ ಆರ್ಬಿಟರನ್ನು, ಅಂದರೆ ತೀರ್ಪುಗಾರರನ್ನು, ಕರೆ. ಮುಟ್ಟಿದರೆ ಆ ನಡೆಗೆ ಹಕ್ಕು ಹೋಯಿತು. ಲೆಕ್ಕ ತಪ್ಪಿದ್ದರೆ ಎದುರಾಳಿಗೆ 2 ನಿಮಿಷ ಹೆಚ್ಚು, ಬರೆದ ನಡೆಯನ್ನೇ ನೀ ಆಡಬೇಕು. ಮೂರು ಸಲ ಒಂದರ ಹಿಂದೆ ಒಂದು ಬರಬೇಕೆಂದಿಲ್ಲ. ಆದರೆ ಸರದಿ, ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿಸುವ) ಹಕ್ಕು ಎಲ್ಲ ಒಂದೇ ಇರಬೇಕು. ಹಕ್ಕಿನಿಂದಲ್ಲ, ಎದುರಾಳಿ ಒಪ್ಪಲೆಂದು ಬರೀ ಡ್ರಾ ಕೇಳುವುದಾದರೆ ಕ್ರಮ ಬೇರೆ: ನಡೆ ಆಡು, ಬಾಯಲ್ಲಿ ಕೇಳು, ಆಮೇಲೆ ಗಡಿಯಾರ ಒತ್ತು.

ಎಲ್ಲರೂ ಹೀಗೆ ಬಿಟ್ಟುಕೊಡುವುದಿಲ್ಲ. 6ನೇ ನಡೆಯಲ್ಲೇ ಬಿಳಿ ತನ್ನ ಒಂಟೆಯಿಂದ ಸಿ6ರ ಕುದುರೆ ಹೊಡೆದರೆ 8ಕ್ಕೆ ರಾಣಿಗಳು ಹೋಗಿ ನಿನ್ನ ರಾಜ ಡಿ8ರಲ್ಲಿ ಕೂರುತ್ತಾನೆ, ಕ್ಯಾಸಲಿಂಗ್ ಇಲ್ಲ, ಸಿ ಸಾಲಿನಲ್ಲಿ ಜೋಡಿ ಪ್ಯಾದೆ. ನೋಡಲು ಕೆಟ್ಟದು, ಒಡೆಯಲು ಕಷ್ಟ. 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಕಾಸ್ಪರೋವ್ ವಿರುದ್ಧ ಬರ್ಲಿನ್ನನ್ನು ನಾಲ್ಕು ಸಲ ಆಡಿದ, ನಾಲ್ಕೂ ಡ್ರಾ, ವಿಶ್ವ ಚಾಂಪಿಯನ್ ಪಟ್ಟವೂ ಕ್ರಾಮ್ನಿಕ್‌ಗೇ. ಆದರೆ ಕೊನೇ ರೌಂಡಿನಲ್ಲಿ ಗೆಲ್ಲಲೇಬೇಕೆಂದಿದ್ದರೆ ಇದನ್ನು ಹಿಡಿಯಬೇಡ.

ಭಾನುವಾರ ಬಾ. ಡಿ8ರ ರಾಜನಿಂದ ಶುರು ಮಾಡೋಣ, ನಾ ಬಿಳಿ.

ನಿನ್ನ ಅವ್ವ